ಥ್ರೆಡ್‌ಗೆ ಕೈಲಿರುವ ಕೆಲಸ ಮುಗಿಸಲು ಬಿಡಿ

ಪ್ರಶ್ನೆ: ನಾನು ಬಿಸಿಎ ಕೊನೆಯ ವರ್ಷದಲ್ಲಿದ್ದೇನೆ. ಅಪ್ಪ ದಲಾಲಿ ಅಂಗಡಿಯಲ್ಲಿ ತೊಗರಿ ಲೆಕ್ಕ ಬರೆಯುತ್ತಾರೆ. ಅದನ್ನೇ ಜಾವಾ ಪ್ರಾಜೆಕ್ಟ್ ಮಾಡಿಕೊಂಡಿದ್ದೇನೆ. ಗೋದಾಮಿನಿಂದ ಅಂಗಡಿಗೆ ಬಂದ ಚೀಲಗಳನ್ನು ಒಂದು ಥ್ರೆಡ್ ಆಗಾಗ ಜಮಾ ಮಾಡುತ್ತದೆ. ಅದನ್ನು ನಿಲ್ಲಿಸಲು ಹಳೆಯ ಪುಸ್ತಕ ನೋಡಿ ಸ್ಟಾಪ್ ಕರೆದರೆ ಎಕ್ಸೆಪ್ಶನ್ ಬರುತ್ತದೆ. ಇಂಟರಪ್ಟ್ ಕರೆದರೆ ನಿಲ್ಲುವುದೇ ಇಲ್ಲ. ವೈವಾ ಹತ್ತಿರ ಬಂತು. ಈ ವಿದ್ಯೆ ನನಗೆ ಒಗ್ಗದೇನೋ ಎಂದು ನಿದ್ದೆ ಬರುತ್ತಿಲ್ಲ.
– ವಿದ್ಯಾರ್ಥಿ, ಸಿಂದಗಿ

ಉತ್ತರ: ಧೈರ್ಯ ತಂದುಕೊಳ್ಳಿ. ಇಲ್ಲಿ ಹಳೆಯದಾಗಿರುವುದು ಪುಸ್ತಕ. ನಿಮ್ಮ ಬುದ್ಧಿಗೇನೂ ಆಗಿಲ್ಲ. ಸ್ಟಾಪ್ ಬಳಸಬೇಡಿ ಎಂದು 1998ರ ಜಾವಾ 1.2 ಆವೃತ್ತಿಯೇ ಎಚ್ಚರಿಸಿತ್ತು. 2023ರ ಜಾವಾ 20ರಿಂದ ಅದನ್ನು ಕರೆದರೆ ಎಕ್ಸೆಪ್ಶನ್ ಮಾತ್ರ ಬರುತ್ತದೆ.

ಕಾರಣ ನಿಮ್ಮ ಪ್ರಾಜೆಕ್ಟಿನಲ್ಲೇ ಇದೆ. ಗೋದಾಮಿನ ಲೆಕ್ಕದಲ್ಲಿ ಹತ್ತು ಚೀಲ ಕಳೆದಾಯಿತು, ಅಂಗಡಿಯ ಲೆಕ್ಕಕ್ಕೆ ಇನ್ನೂ ಕೂಡಿಲ್ಲ ಎನ್ನಿ. ಅದೇ ಗಳಿಗೆಯಲ್ಲಿ ಸ್ಟಾಪ್ ಬಂದರೆ ಥ್ರೆಡ್ ಸಾಯುತ್ತಿತ್ತು, ಅದು ಹಿಡಿದಿದ್ದ ಲಾಕುಗಳೆಲ್ಲ ಬಿಡುಗಡೆಯಾಗುತ್ತಿದ್ದವು. ಅರೆಬರೆ ಲೆಕ್ಕವನ್ನೇ ಉಳಿದ ಥ್ರೆಡ್‌ಗಳು ನಿಜವೆಂದು ಓದುತ್ತಿದ್ದವು. ಆದ್ದರಿಂದ ಹೊರಗಿನಿಂದ ನಿಲ್ಲು ಎಂದು ಸೂಚಿಸಬಹುದು, ಅಷ್ಟೇ. ಎಲ್ಲಿ ನಿಂತರೆ ಲೆಕ್ಕ ಕೆಡುವುದಿಲ್ಲ ಎಂಬುದು ಒಳಗಿನ ಕೋಡಿಗೇ ಗೊತ್ತು.

ಇಂಟರಪ್ಟ್ ಅಂಥ ಸೂಚನೆ. ಅದು ಥ್ರೆಡ್ ಮೇಲೆ ಒಂದು ಗುರುತು ಹಾಕುತ್ತದೆ. ಥ್ರೆಡ್ ಸ್ಲೀಪ್‌ನಲ್ಲಿದ್ದರೆ ಇಂಟರಪ್ಟೆಡ್ ಎಕ್ಸೆಪ್ಶನ್ ಬಂದು ಗುರುತು ಅಳಿಸಿಹೋಗುತ್ತದೆ. ನಿಮ್ಮ ಲೂಪಿನೊಳಗೆ ಖಾಲಿ ಕ್ಯಾಚ್ ಇದೆಯೇ ನೋಡಿ. ಇದ್ದರೆ ಸೂಚನೆಯನ್ನು ಅದೇ ನುಂಗುತ್ತದೆ, ಲೂಪ್ ಮತ್ತೆ ತಿರುಗುತ್ತದೆ. ಕ್ಯಾಚ್‌ನಿಂದಲೇ ಲೂಪ್ ಬಿಟ್ಟು ಹೊರಬನ್ನಿ. ಪ್ರತಿ ಸುತ್ತಿನ ಆರಂಭದಲ್ಲೂ ಗುರುತು ಬಿದ್ದಿದೆಯೇ ಎಂದು ಪರೀಕ್ಷಿಸಿ. ಸ್ವಂತ ಬೂಲಿಯನ್ ಬಳಸುವುದಾದರೆ ವೊಲಟೈಲ್ ಎಂದು ಬರೆಯಿರಿ, ಇಲ್ಲದಿದ್ದರೆ ಒಂದು ಥ್ರೆಡ್ ಬದಲಿಸಿದ್ದು ಇನ್ನೊಂದಕ್ಕೆ ಕಾಣದೇ ಹೋಗಬಹುದು. ಕೊನೆಗೆ ಜಾಯಿನ್ ಕರೆದು ಥ್ರೆಡ್ ಮುಗಿಯುವತನಕ ಕಾಯಿರಿ. ಫೈಲ್ ಮುಚ್ಚುವುದು ಆಮೇಲೆ.

ಶುರು ಮಾಡುವಾಗಲೂ ಎರಡು ಸಂಗತಿ ನೆನಪಿರಲಿ. ರನ್ ಅನ್ನು ನೇರವಾಗಿ ಕರೆದರೆ ಹೊಸ ಥ್ರೆಡ್ ಹುಟ್ಟುವುದಿಲ್ಲ, ಸ್ಟಾರ್ಟ್ ಕರೆಯಬೇಕು. ಒಮ್ಮೆ ಮುಗಿದ ಥ್ರೆಡ್ ಮತ್ತೆ ಶುರುವಾಗದು. ಹೊಸ ಥ್ರೆಡ್ ಆಬ್ಜೆಕ್ಟನ್ನೇ ಮಾಡಿಕೊಳ್ಳಿ.

ಸ್ಟಾಪ್ ಏಕೆ ಬಳಸಲಿಲ್ಲ ಎಂದು ವೈವಾದಲ್ಲಿ ಕೇಳಿದರೆ ಆ ಹತ್ತು ಚೀಲಗಳ ಲೆಕ್ಕವನ್ನೇ ವಿವರಿಸಿ. ಅದನ್ನು ಬಿಡಿಸಿ ಹೇಳಬಲ್ಲವರಿಗೆ ಈ ವಿದ್ಯೆ ಖಂಡಿತ ಒಗ್ಗುತ್ತದೆ.