ಮಳೆಗಾಲದ ರಾತ್ರಿ ಮ್ಯಾಕ್ರೋ ಲೆನ್ಸ್ ಹಿಡಿದು ಹೊರಡುವವರಿಗೆ: ಮಾಡಬಾರದ್ದು, ಮಾಡಬೇಕಾದ್ದು

ಮಲೆನಾಡಿನ ಹಳ್ಳ, ಕಾನು, ತೋಟದಂಚಿನಲ್ಲಿ ಕಪ್ಪೆ, ಕೀಟಗಳ ಚಿತ್ರ ತೆಗೆಯುವ ಎಲ್ಲರಿಗೂ ಈ ಸೂಚನೆ. ಮಳೆಯಲ್ಲಿ ಕೂಗುತ್ತ ಕೂತ ಗಂಡುಕಪ್ಪೆ ಹೆಣ್ಣನ್ನು ಕರೆಯುತ್ತಿದೆ. ನಿಮಗೆ ಚಿತ್ರ ಸಿಗದೆ ಹೋದರೂ ಸರಿ, ಅದರ ಕೆಲಸ ಕೆಡಬಾರದು.

ಮಾಡಬಾರದ್ದು

ಕಪ್ಪೆಯನ್ನು ಕೈಯಲ್ಲಿ ಹಿಡಿಯಬೇಡಿ. ಅದು ಚರ್ಮದಿಂದಲೂ ಉಸಿರಾಡುತ್ತದೆ, ಚರ್ಮದಿಂದಲೇ ನೀರು ಹೀರುತ್ತದೆ. ಉಂಬಳಕ್ಕೆಂದು ನೀವು ಹಚ್ಚಿಕೊಂಡ ಉಪ್ಪು, ಸುಣ್ಣ, ಹೊಗೆಸೊಪ್ಪಿನ ಪುಡಿ, ಸೊಳ್ಳೆ ಕ್ರೀಮು ಎಲ್ಲ ಆ ಬೆರಳುಗಳಲ್ಲೇ ಇರುತ್ತದೆ. ಉಂಬಳದ ಕಾಲುಚೀಲ ಹಾಕಿಕೊಳ್ಳಿ, ಅಷ್ಟು ಸಾಕು.

ಮೊಟ್ಟೆಯಿರುವ ಎಲೆ ಬಗ್ಗಿಸಬೇಡಿ, ಕೊಂಬೆ ಕಡಿಯಬೇಡಿ. ಅತಿ ಹೆಚ್ಚು ಹಾನಿಯಾಗುವುದು ಇಲ್ಲೇ. ಮಲಬಾರ್ ಹಾರುವ ಕಪ್ಪೆ ನೀರಿನ ಮೇಲೆ ಚಾಚಿದ ಎಲೆಗಳಲ್ಲಿ ನೊರೆಗೂಡು ಕಟ್ಟುತ್ತದೆ. ನೊರೆಯಿಂದಾಗಿ ಮೊಟ್ಟೆ ಒಣಗುವುದಿಲ್ಲ. ಗೊದಮೊಟ್ಟೆಗಳು ಹೊರಬಂದಾಗ ನೇರವಾಗಿ ಕೆಳಗಿನ ನೀರಿಗೆ ಬೀಳುತ್ತವೆ. ಒಳ್ಳೆಯ ಕೋನ ಸಿಗಲೆಂದು ಕೊಂಬೆಯನ್ನು ಪಕ್ಕಕ್ಕೆಳೆದು ಕಟ್ಟಿ ಹಾಗೇ ಬಿಟ್ಟುಹೋದರೆ ಅವು ಬೀಳುವುದು ನೆಲಕ್ಕೆ.

ಉತ್ತರ ಕನ್ನಡದ ಕುಂಬಾರ ಕಪ್ಪೆಯದು ಇನ್ನೊಂದು ಬಗೆ. ಕೆ.ವಿ. ಗುರುರಾಜ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನಕ್ಕೆ ಪರಿಚಯಿಸಿದ ಈ ಕಪ್ಪೆಯಲ್ಲಿ, ಗಂಡು ಹಳ್ಳದ ಕೆಸರನ್ನು ಮುಂಗಾಲಲ್ಲಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ. ಮೊಟ್ಟೆ ಚೆನ್ನಾಗಿ ಕಾಣಲೆಂದು ಆ ಕೆಸರನ್ನು ಕೆರೆಯಲೇಬಾರದು.

ದಾರಿ ಬಿಟ್ಟು ತರಗೆಲೆ ತುಳಿಯಬೇಡಿ. ಪೊದೆಗಪ್ಪೆಗಳಲ್ಲಿ ಗೊದಮೊಟ್ಟೆ ನೀರಲ್ಲಿ ಈಜುವ ಹಂತವೇ ಇಲ್ಲ. ಮೊಟ್ಟೆಯೊಳಗೇ ಬೆಳೆದು ಪುಟ್ಟ ಕಪ್ಪೆಯಾಗಿಯೇ ಹೊರಬರುತ್ತವೆ. ಕೆಲವು ಜಾತಿಯವು ಆ ಮೊಟ್ಟೆ ಇಡುವುದು ನಿಮ್ಮ ಕಾಲಡಿಯ ತರಗಿನಲ್ಲೇ.

ಅಲುಗದಿರಲೆಂದು ಕೀಟವನ್ನು ಫ್ರಿಜ್ಜಿನಲ್ಲಿಡುವುದು, ಅಂಟು ಹಚ್ಚಿ ಕೂರಿಸುವುದು ಹಿಂಸೆ. ಅಂಥ ಚಿತ್ರವನ್ನು ಯಾವ ಸ್ಪರ್ಧೆಗೂ ಕಳಿಸಬೇಡಿ. ಪೊರೆ ಕಳಚಿ ಈಗಷ್ಟೇ ಹೊರಬಂದ ಏರೋಪ್ಲೇನ್ ಚಿಟ್ಟೆಯ ರೆಕ್ಕೆ ಇನ್ನೂ ಮೆತ್ತಗಿರುತ್ತದೆ. ಆಗ ಸೊಟ್ಟಗಾದರೆ ಮತ್ತೆ ಸರಿಹೋಗುವುದಿಲ್ಲ.

ಮಾಡಬೇಕಾದ್ದು

ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳಿಗೆ ಅರಣ್ಯ ಇಲಾಖೆಯ ಅನುಮತಿ ಪಡೆದೇ ಹೋಗಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಕಡ್ಡಾಯ ಮಾಡಿದೆ. ತೋಟವಾದರೆ ಯಜಮಾನರನ್ನು ಕೇಳಿ.

90ರಿಂದ 105 ಮಿ.ಮೀ. ಮ್ಯಾಕ್ರೋ ಲೆನ್ಸ್ ಬಳಸಿ. 60 ಮಿ.ಮೀ. ಆದರೆ ಅಷ್ಟೇ ದೊಡ್ಡ ಚಿತ್ರಕ್ಕೆ ಜೀವಿಯ ಮೈಮೇಲೆಯೇ ಹೋಗಬೇಕಾಗುತ್ತದೆ. ಫ್ಲಾಶಿಗೆ ಡಿಫ್ಯೂಸರ್ ಇರಲಿ. ಫೋಕಸ್ ಮಾಡಲು ಮಂದ ಟಾರ್ಚ್ ಸಾಕು. ನಾಲ್ಕಾರು ಕ್ಲಿಕ್ ಆದಮೇಲೆ ಬೆಳಕು ಆರಿಸಿ ಹಿಂದೆ ಸರಿಯಿರಿ. ಕೂಗುತ್ತಿದ್ದ ಕಪ್ಪೆ ಕೂಗು ನಿಲ್ಲಿಸಿತೆಂದರೆ ಆಗಲೇ ಹೊರಡಿ.

ಕದಲದ ಕೀಟ ಬೇಕಿದ್ದರೆ ನಸುಕಿನಲ್ಲಿ ಏಳಿ. ಬಿಸಿಲು ತಾಗುವವರೆಗೆ ಚಿಟ್ಟೆ, ಏರೋಪ್ಲೇನ್ ಚಿಟ್ಟೆಗಳ ಮೈ ತಣ್ಣಗಿರುತ್ತದೆ, ಹಾರಲಾಗುವುದಿಲ್ಲ. ರೆಕ್ಕೆಯ ಮೇಲಿನ ಇಬ್ಬನಿಯ ಹನಿಯೂ ಸ್ಪಷ್ಟವಾಗಿ ಸಿಗುತ್ತದೆ. ಫ್ರಿಜ್ಜು ಕೊಡಲಾಗದ ಚಿತ್ರ ಇದು.

ಕೈಯಿಡುವ ಮೊದಲು ಕೊಂಬೆಗೆ ಟಾರ್ಚ್ ಹಾಯಿಸಿ. ಕಪ್ಪೆ ಇರುವಲ್ಲಿ ಮಲಬಾರ್ ಗುಳಿಮಂಡಲ ಹಾವೂ ಇರಬಹುದು, ಅದರ ಬಣ್ಣ ಎಲೆ, ತೊಗಟೆಯಲ್ಲಿ ಬೆರೆತುಹೋಗುತ್ತದೆ.

ಒಂದು ಹಳ್ಳದಿಂದ ಇನ್ನೊಂದಕ್ಕೆ ಹೋಗುವ ಮುನ್ನ ಬೂಟು, ಟ್ರೈಪಾಡ್ ಕಾಲು ತೊಳೆದು ಪೂರ್ತಿ ಒಣಗಿಸಿ. ಜಗತ್ತಿನ ಹಲವೆಡೆ ಕಪ್ಪೆಗಳ ಸಂತತಿಯನ್ನೇ ಅಳಿಸಿದ ಕೈಟ್ರಿಡ್ ಶಿಲೀಂಧ್ರ ಪಶ್ಚಿಮ ಘಟ್ಟದಲ್ಲೂ ಪತ್ತೆಯಾಗಿದೆ. ಒದ್ದೆ ಬೂಟಿನ ಕೆಸರಲ್ಲಿ ಅದು ಊರಿಂದೂರಿಗೆ ಸಾಗಬಲ್ಲದು.

ಚಿತ್ರ ಹಂಚಿಕೊಳ್ಳುವಾಗ ಜಿಲ್ಲೆಯ ಹೆಸರು ಸಾಕು. ಹಳ್ಳದ ಹೆಸರು ಬರೆಯಬೇಡಿ, ಫೈಲಿನಲ್ಲಿ ಜಿಪಿಎಸ್ ಗುರುತಿದ್ದರೆ ಅಳಿಸಿಯೇ ಹಾಕಿ.