ಕತ್ತಲೆಯಲ್ಲಿ ಹುಟ್ಟಿದ ಸ್ತುತಿಗೀತೆ

ಮುಂಜಾನೆಯ ಬಿಸಿಲು, ಹಸಿರು ಗದ್ದೆ, ತುಂಬಿದ ಹೊಳೆ ಕಂಡಾಗ ದೇವರನ್ನು ಸ್ತುತಿಸುವುದು ಸುಲಭ. ಆದರೆ ಕಾಯಿಲೆಯಿಂದ ಹಾಸಿಗೆ ಹಿಡಿದಾಗ?

1225ರಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಸಂತ ದಮಿಯಾನೋ ದೇವಾಲಯದ ಬಳಿ ರೋಗಿಯಾಗಿ ಮಲಗಿದ್ದರು. ಕಣ್ಣುಬೇನೆಯಿಂದ ಹಗಲಿನ ಬೆಳಕನ್ನೂ ಸಹಿಸಲಾರದ ಸ್ಥಿತಿ. ಆ ಕತ್ತಲೆಯಲ್ಲೇ ಅವರು ಸೃಷ್ಟಿಯ ಸ್ತುತಿಗೀತೆಯನ್ನು ಜನರ ಆಡುಮಾತಿನಲ್ಲಿ ರಚಿಸಿದರು. ತಮ್ಮ ಕಣ್ಣಿಗೆ ನೋವು ಕೊಡುತ್ತಿದ್ದ ಸೂರ್ಯನನ್ನೇ ಸಹೋದರನೆಂದು ಕರೆದರು. ಚಂದ್ರ, ಗಾಳಿ, ನೀರು, ಬೆಂಕಿ, ಭೂಮಿಗಳಿಗಾಗಿ ದೇವರನ್ನು ಕೊಂಡಾಡಿದರು. 1226ರಲ್ಲಿ ಮರಣ ಸಮೀಪಿಸಿದಾಗ, ಮರಣಕ್ಕಾಗಿಯೂ ಒಂದು ಸ್ತುತಿಯನ್ನು ಸೇರಿಸಿದರು. 2015ರಲ್ಲಿ ಜಗದ್ಗುರು ಫ್ರಾನ್ಸಿಸರು ಸೃಷ್ಟಿಯ ಪಾಲನೆಯನ್ನು ಕುರಿತು ಬರೆದ ‘ಲೌದಾತೋ ಸಿ’ ಪತ್ರಕ್ಕೆ ಹೆಸರು ಬಂದದ್ದು ಈ ಗೀತೆಯಿಂದಲೇ.

ವರವನ್ನು ಕಂಡು ಸಂತೋಷಪಡುವುದು ಎಲ್ಲರಿಗೂ ಬರುತ್ತದೆ. ಆ ವರ ಕಣ್ಣಿಗೆ ಮರೆಯಾದಾಗಲೂ, ಕೊಟ್ಟ ತಂದೆಯನ್ನು ನೆನೆಯುವುದೇ ಕ್ರೈಸ್ತ ಕೃತಜ್ಞತೆ.

ನಿಮ್ಮ ಮನೆಯಲ್ಲಿ ಅಂಗಳಕ್ಕೂ ಇಳಿಯಲಾರದ ಅಜ್ಜನೋ ಅಜ್ಜಿಯೋ ಇದ್ದಾರೆಯೇ? ಇಂದು ಸಂಜೆ ಜಪಸರಕ್ಕೆ ಮುನ್ನ ಮಕ್ಕಳು ಅಂಗಳದ ಒಂದು ಹೂವನ್ನು ತಂದು ಅವರ ಕೈಗಿಡಲಿ. ಬಳಿಕ ಮನೆಯವರೆಲ್ಲರೂ ಅಂದು ಕಂಡ ಒಂದೊಂದು ಸೃಷ್ಟಿಗಾಗಿ ದೇವರಿಗೆ ವಂದನೆ ಹೇಳಿರಿ. ಮೊದಲ ವಂದನೆ ಆ ಹಿರಿಯರದಾಗಿರಲಿ.