ಪ್ರೀತಿ ಸುಳ್ಳು ಎನ್ನುವ ಮುಂಚೆ

‘ಪ್ರೀತಿ ಗೀತಿ ಎಲ್ಲ ಬರೀ ಓಳು’ ಎಂದು ಇಪ್ಪತ್ತೆರಡರ ಹುಡುಗ ಹೇಳಿದರೆ ನನ್ನಂಥ ಮುದುಕನಿಗೆ ಕೋಪ ಬರುವುದಿಲ್ಲ, ದಿಗಿಲಾಗುತ್ತದೆ. ಈಚೆಗೆ ಹುಡುಗಿಯರ ಬಾಯಲ್ಲೂ ಇದೇ ಮಾತು. ಒಂದು ಪ್ರೇಮ ಮುರಿದುಬಿದ್ದರೆ ಸಾಕು, ಮನಸ್ಸಿಗೆ ಬೀಗ ಜಡಿದುಕೊಳ್ಳುತ್ತೀರಿ. ಆಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಕೇಳುವುದಾದರೂ ಏನನ್ನು? ರ‍್ಯಾಪ್. ದುಡ್ಡು, ಕಾರು, ಬಾಟಲಿ, ಕೈಕೊಟ್ಟವಳಿಗೆ ಬೈಗುಳ. ಬೆಳಗ್ಗೆ ಬಸ್ಸಿನಲ್ಲಿ ಅದೇ, ರಾತ್ರಿ ಹಾಸಿಗೆಯಲ್ಲೂ ಅದೇ. ಹಗಲಿರುಳು ಕಿವಿಗೆ ಬಿದ್ದದ್ದು ಒಂದು ದಿನ ನಾಲಿಗೆಗೂ ಬರುತ್ತದೆ, ಹುಷಾರು.

ರ‍್ಯಾಪ್ ಬಿಡಿ, ಭಾವಗೀತೆ ಕೇಳಿ ಎಂದು ಉಪದೇಶ ಮಾಡುವವನಲ್ಲ ನಾನು. ಭಾವಗೀತೆ ಕೇಳಿ ಬೆಳೆದ ನಮ್ಮ ಕಾಲದ ಗಂಡಸರು ಮನೆಯ ಹೆಂಗಸರನ್ನು ಹೇಗೆ ನೋಡಿಕೊಂಡರು ಎಂಬುದನ್ನು ನಿಮ್ಮ ಅಜ್ಜಿಯರೇ ಹೇಳಿಯಾರು. ರ‍್ಯಾಪನ್ನೇ ಕೇಳಿ. ಆದರೆ ಅದರಲ್ಲಿ ಇನ್ನೊಂದು ಕವಲಿದೆ, ಅದನ್ನು ಹುಡುಕಿಕೊಂಡು ಕೇಳಿ.

ಅಮೆರಿಕಕ್ಕೆ ಹೋಗುವ ಎಷ್ಟೋ ಕನ್ನಡಿಗರು ವಿಮಾನದಿಂದ ಇಳಿಯುವುದು ನ್ಯೂಜೆರ್ಸಿಯ ನೆವಾರ್ಕ್‌ನಲ್ಲಿ. 1967ರ ಜುಲೈನಲ್ಲಿ ಪೊಲೀಸರು ಕಪ್ಪು ಟ್ಯಾಕ್ಸಿ ಚಾಲಕನೊಬ್ಬನನ್ನು ಹೊಡೆದದ್ದರಿಂದ ಆ ಊರು ಹೊತ್ತಿ ಉರಿಯಿತು. 26 ಜನ ಸತ್ತರು. ಅದಾಗಿ ಮೂರು ವರ್ಷಕ್ಕೆ ಅಲ್ಲಿ ಹುಟ್ಟಿದವರು ಆ ಕವಲಿನ ರ‍್ಯಾಪರ್ ಕ್ವೀನ್ ಲತೀಫಾ. 1993ರ ‘ಯೂನಿಟಿ’ ಹಾಡಿನಲ್ಲಿ ಆಕೆ ಬೀದಿಯಲ್ಲಿ ಮೈಮುಟ್ಟುವವನನ್ನೂ ಮನೆಯಲ್ಲಿ ಕೈಯೆತ್ತುವವನನ್ನೂ ನಿಲ್ಲಿಸಿ ಕೇಳುತ್ತಾರೆ. ತಮ್ಮದೇ ಜನ ಹಾಡಿನಲ್ಲಿ ಹೆಣ್ಣಿಗೆ ಬಳಸುವ ಹೊಲಸು ಮಾತನ್ನೂ ಬಿಡುವುದಿಲ್ಲ. ಅದು ಪ್ರೇಮಗೀತೆ ಅಲ್ಲ ಎನ್ನಬಹುದು. ನನಗಂತೂ ಪ್ರೇಮ ಶುರುವಾಗುವುದೇ ಅಲ್ಲಿಂದ ಅನ್ನಿಸುತ್ತದೆ. ಎದುರಿಗಿರುವವರ ಮರ್ಯಾದೆ ಕಾಯದವನಿಗೆ ಪ್ರೀತಿಯ ಮಾತೇಕೆ?

ನಿಮ್ಮ ಗೆಳೆಯರ ಗುಂಪಿನಲ್ಲಿ ಓಡಾಡುವ ಹಾಡುಗಳನ್ನು ಇದರ ಪಕ್ಕಕ್ಕಿಟ್ಟು ನೋಡಿ. ಸಾಹಿತ್ಯವನ್ನು ಮುಂದಿಟ್ಟುಕೊಂಡು ಒಮ್ಮೆ ಓದಿ, ತಾಳವಿಲ್ಲದೆ. ನಿಮ್ಮ ತಂಗಿಯ ಎದುರು ಗಟ್ಟಿಯಾಗಿ ಓದಲು ನಾಚಿಕೆಯಾದರೆ ಅಂಥದ್ದನ್ನು ಯಾರಿಗೂ ಕಳಿಸಬೇಡಿ.

ಅದೇ 1993ರಲ್ಲಿ ರ‍್ಯಾಪರ್ ಟೂಪಾಕ್ ಶಕೂರ್ ‘ಕೀಪ್ ಯಾ ಹೆಡ್ ಅಪ್’ ಹಾಡಿದರು. ಲಾಸ್ ಏಂಜಲೀಸ್‌ನ ಅಂಗಡಿಯೊಂದರಲ್ಲಿ ಕಿತ್ತಳೆ ರಸದ ಒಂದು ಬಾಟಲಿಯ ಜಗಳಕ್ಕೆ ಗುಂಡೇಟು ತಿಂದು ಸತ್ತ 15 ವರ್ಷದ ಲಟಾಶಾ ಹಾರ್ಲಿನ್ಸ್ ಎಂಬ ಹುಡುಗಿಗೆ ಅರ್ಪಿಸಿದ ಹಾಡು. ಒಂಟಿಯಾಗಿ ಮಕ್ಕಳನ್ನು ಸಾಕುವ ತಾಯಂದಿರಿಗೆ ಅದರಲ್ಲಿ ಧೈರ್ಯ ಹೇಳಿದ್ದಾರೆ. ಆದರೆ ಮರುವರ್ಷವೇ ಲೈಂಗಿಕ ದೌರ್ಜನ್ಯದ ಪ್ರಕರಣದಲ್ಲಿ ನ್ಯಾಯಾಲಯ ಅವರನ್ನು ಅಪರಾಧಿ ಎಂದಿತು. ಇದನ್ನು ಮುಚ್ಚಿಟ್ಟು ನಿಮಗೆ ಬುದ್ಧಿ ಹೇಳಲಾರೆ. ಹಾಡಿನಲ್ಲಿ ಹೆಣ್ಣನ್ನು ಗೌರವಿಸುವುದು ಸುಲಭ, ಮುಚ್ಚಿದ ಬಾಗಿಲೊಳಗೆ ಹೇಗಿರುತ್ತೀರಿ ಎನ್ನುವುದೇ ಪರೀಕ್ಷೆ. ಗಾಯಕನನ್ನು ದೇವರು ಮಾಡಿಕೊಳ್ಳಬೇಡಿ. ಮಾತು ಒಳ್ಳೆಯದಿದ್ದರೆ ತೆಗೆದುಕೊಂಡು ನಿಮ್ಮ ನಡತೆಯಲ್ಲಿಡಿ.

ಷಿಕಾಗೋದ ರ‍್ಯಾಪರ್ ಕಾಮನ್ 2000ದಲ್ಲಿ ‘ದಿ ಲೈಟ್’ ಹಾಡಿದರು. ಗೆಳತಿ, ಗಾಯಕಿ ಎರಿಕಾ ಬಾಡುವನ್ನು ಮನಸ್ಸಿನಲ್ಲಿಟ್ಟುಕೊಂಡು ಪತ್ರದ ಹಾಗೆ ಬರೆದದ್ದು. ಜಂಬವಿಲ್ಲ, ಯಾಚನೆಯೂ ಇಲ್ಲ. ಮುಂದೆ ಇಬ್ಬರೂ ಬೇರೆಯಾದರು. ಹಾಗೆಂದು ಆ ಹಾಡು ಸುಳ್ಳಾಯಿತೇ? ನಿಮ್ಮ ಸಂಬಂಧ ಮುರಿದಿರಬಹುದು, ಅದಕ್ಕಾಗಿ ಹಳೆಯ ಫೋಟೊಗಳನ್ನು ಊರಿಗೆಲ್ಲ ಹಂಚಿ ಸೇಡು ತೀರಿಸಿಕೊಳ್ಳಬೇಡಿ. ಒಳ್ಳೆಯ ದಿನಗಳು ಒಳ್ಳೆಯವಾಗಿಯೇ ಇರಲಿ.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಗಾಯಕಿ, ರ‍್ಯಾಪರ್ ಲಾರಿನ್ ಹಿಲ್. ನೆವಾರ್ಕ್ ಪಕ್ಕದ ಸೌತ್ ಆರೆಂಜ್‌ನವರು. 1998ರಲ್ಲಿ ‘ದಿ ಮಿಸ್‌ಎಜುಕೇಶನ್ ಆಫ್ ಲಾರಿನ್ ಹಿಲ್’ ಹೊರತಂದಾಗ ಅವರಿಗೆ 23 ವರ್ಷ. ಮರುವರ್ಷ ಐದು ಗ್ರ್ಯಾಮಿ ಪ್ರಶಸ್ತಿ ಬಂದವು. ಆ ಆಲ್ಬಂ ಶುರುವಾಗುವುದು ಶಾಲೆಯ ಗಂಟೆಯಿಂದ. ಮೇಷ್ಟ್ರು ಹಾಜರಿ ಕೂಗುತ್ತಾರೆ, ಮಕ್ಕಳು ಒಬ್ಬೊಬ್ಬರಾಗಿ ಓಗೊಡುತ್ತಾರೆ. ಲಾರಿನ್ ಹಿಲ್ ಹೆಸರಿಗೆ ಮಾತ್ರ ಉತ್ತರವಿಲ್ಲ. ಆಮೇಲೆ ಹಾಡುಗಳ ನಡುನಡುವೆ ಆ ತರಗತಿ ಮುಂದುವರಿಯುತ್ತದೆ. ಪಾಠದ ವಿಷಯ ಪ್ರೀತಿ. ಯಾರಾದರೂ ಪ್ರೀತಿಸಿದ್ದೀರಾ ಎಂದು ಮೇಷ್ಟ್ರು ಕೇಳಿದರೆ ಮಕ್ಕಳು ನಗುತ್ತಾರೆ, ವಾದಕ್ಕಿಳಿಯುತ್ತಾರೆ, ಹುಡುಗ ಒಂದು ಹೇಳಿದರೆ ಹುಡುಗಿ ಇನ್ನೊಂದು. ಮೇಷ್ಟ್ರು ಯಾರನ್ನೂ ಗದರುವುದಿಲ್ಲ. ಮೇಷ್ಟ್ರ ದನಿ ರಾಸ್ ಬರಾಕಾ ಅವರದು. ಕವಿ, ನಿಜಕ್ಕೂ ಅಧ್ಯಾಪಕರಾಗಿದ್ದವರು. 2014ರಲ್ಲಿ ನೆವಾರ್ಕ್‌ನ ಮೇಯರ್ ಆದರು. ಬೆಂದ ಊರಿನ ಈ ಮೇಷ್ಟ್ರು ಮಕ್ಕಳನ್ನು ಕೂರಿಸಿಕೊಂಡು ಆಡಿದ್ದು ಪ್ರೀತಿಯ ಮಾತು, ನೋಡಿ.

ನಮ್ಮ ಶಾಲೆಗಳಲ್ಲಿ ಇಂಥ ಪಾಠ ಅಂದೂ ಇರಲಿಲ್ಲ, ಇಂದೂ ಕಾಣೆ. ಮನೆಯಲ್ಲಿ ಅಪ್ಪ ಅಮ್ಮ ಬಾಯಿಬಿಡುವುದಿಲ್ಲ. ಉಳಿದದ್ದು ಫೋನು. ಹಾಗಾಗಿ ಈ ಮಾತುಕತೆ ನೀವೇ ಶುರು ಮಾಡಬೇಕು. ಇನ್ನೂ ತಡವಾಗಿಲ್ಲ. ಈ ಭಾನುವಾರ ನಾಲ್ಕು ಜನ ಗೆಳೆಯ ಗೆಳತಿಯರು ಒಟ್ಟಿಗೆ ಕೂತು ಲಾರಿನ್ ಹಿಲ್ ಅವರ ಆ ಆಲ್ಬಂ ಮೊದಲಿನಿಂದ ಕೇಳಿ, ಪ್ರೀತಿಯ ಬಗ್ಗೆ ಮಾತಾಡಿ. ಹುಡುಗರೇ, ಹುಡುಗಿಯರು ಮಾತಾಡುವಾಗ ನಡುವೆ ಬಾಯಿ ಹಾಕಬೇಡಿ. ಹಾಡಲ್ಲವೆಂದು ಆ ತರಗತಿಯ ಮಾತುಗಳನ್ನು ಹಾರಿಸಿ ಮುಂದಕ್ಕೆ ಹೋಗಬೇಡಿ.